ಅಮೆರಿಕದಲ್ಲಿ ರಾಜ್ಯ ಬದಲಾಯಿಸುವ ಮುನ್ನ ಅಲ್ಲಿನ ಬಂದೂಕು ಕಾನೂನನ್ನು ಓದುವುದು ಹೇಗೆ: ತುಮಕೂರಿನ ಕುಟುಂಬಗಳಿಗೆ ಒಂದು ಮಾರ್ಗದರ್ಶಿ

ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ತುಮಕೂರಿನ ಎಸ್‌ಐಟಿ ಬಡಾವಣೆಯಲ್ಲಿ ಈಗ ಅಪರೂಪವಲ್ಲ. ನ್ಯೂಜೆರ್ಸಿಯಲ್ಲಿದ್ದವರಿಗೆ ಡಲ್ಲಾಸಿನಲ್ಲಿ ಕೆಲಸ ಸಿಕ್ಕಿತೆಂದರೆ, ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆಯಿಲ್ಲ, ಮನೆ ಅಗ್ಗ, ದೇವಸ್ಥಾನ ಹತ್ತಿರ ಎಂಬ ಲೆಕ್ಕಗಳೆಲ್ಲ ಮುಗಿದ ಮೇಲೆ ಹಿರಿಯರಿಂದ ಬರುವ ಪ್ರಶ್ನೆ ಒಂದೇ: ‘ಅಲ್ಲಿ ಗನ್ ಕಾಟ ಹೇಗೆ?’ ಪ್ರಶ್ನೆ ನ್ಯಾಯವಾದದ್ದೇ. ಆದರೆ ‘ಆ ರಾಜ್ಯ ಕಟ್ಟುನಿಟ್ಟು, ಈ ರಾಜ್ಯ ಸಡಿಲ’ ಎಂಬ ಒಂದು ಮಾತಿನ ಉತ್ತರದಿಂದ ಯಾವ ಕುಟುಂಬಕ್ಕೂ ಪ್ರಯೋಜನವಾಗದು. ಇಂಥ ಮಾಹಿತಿಯ ಬಹುಪಾಲನ್ನು ಬಂದೂಕು ಇಟ್ಟುಕೊಳ್ಳಬಯಸುವವರಿಗಾಗಿ ಬರೆದಿರುತ್ತಾರೆ. ನಮ್ಮವರಲ್ಲಿ ಹೆಚ್ಚಿನವರು ಬಂದೂಕು ಇಲ್ಲದೆ, ಬಂದೂಕು ಇರುವವರ ನಡುವೆ ಬದುಕಬೇಕಾದವರು. ಆದ್ದರಿಂದ ಅದೇ ಕಾನೂನನ್ನು ನಾವು ಇನ್ನೊಂದು ತುದಿಯಿಂದ ಓದಬೇಕು.

ಮೊದಲು ವ್ಯವಸ್ಥೆಯ ಸ್ವರೂಪ ತಿಳಿದಿರಲಿ. ನಮ್ಮಲ್ಲಿ ದೇಶಕ್ಕೆಲ್ಲ 1959ರ ಶಸ್ತ್ರಾಸ್ತ್ರ ಕಾಯ್ದೆ ಒಂದೇ. ಕೊಡವರಿಗೆ ಇರುವ ವಿನಾಯಿತಿಯಂಥವು ಬೆರಳೆಣಿಕೆಯಷ್ಟು. ಪಾವಗಡ, ಮಧುಗಿರಿ ಕಡೆ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಮಾಡಿಸಿ ಕೋವಿ ಇಟ್ಟುಕೊಂಡ ರೈತರು, ಚುನಾವಣೆ ಘೋಷಣೆಯಾಯಿತೆಂದರೆ ಅದನ್ನು ಬಟ್ಟೆಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ರಸೀತಿ ಪಡೆದು, ಫಲಿತಾಂಶ ಬಂದ ಮೇಲೆ ಬಿಡಿಸಿಕೊಂಡು ಬರುತ್ತಾರೆ. ಇಲ್ಲಿ ಬಂದೂಕು ಸರ್ಕಾರ ಕೊಟ್ಟ ಅನುಮತಿ. ಅಮೆರಿಕದಲ್ಲಿ ಅದು ಸಂವಿಧಾನದ 1791ರ ಎರಡನೆಯ ತಿದ್ದುಪಡಿಯಿಂದ ಬಂದ ಹಕ್ಕು. 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ವ್ಯಕ್ತಿಗೆ ಸೇರಿದ ಹಕ್ಕೆಂದು ಹೇಳಿತು. 2022ರಲ್ಲಿ ನ್ಯೂಯಾರ್ಕಿನ ಪ್ರಕರಣವೊಂದರಲ್ಲಿ, ಮನೆಯ ಹೊರಗೆ ಪಿಸ್ತೂಲು ಒಯ್ಯಲು ವಿಶೇಷ ಕಾರಣ ತೋರಿಸಬೇಕೆಂಬ ಷರತ್ತನ್ನೂ ತಳ್ಳಿಹಾಕಿತು. ಕೇಂದ್ರದ ಕಾನೂನು ಅಲ್ಲಿ ಬರೀ ತಳಪಾಯ. ಅದರ ಮೇಲೆ ಐವತ್ತು ರಾಜ್ಯಗಳು ಐವತ್ತು ಬಗೆಯ ಗೋಡೆ ಎಬ್ಬಿಸಿಕೊಂಡಿವೆ.

ವೀಸಾ ಯಾವುದು ಎಂಬುದನ್ನು ಮೊದಲು ನೋಡಿ

ರಾಜ್ಯಗಳ ಹೋಲಿಕೆಗೆ ಇಳಿಯುವ ಮುನ್ನ ಪಾಸ್‌ಪೋರ್ಟ್ ತೆರೆದು ನೋಡುವುದು ಒಳ್ಳೆಯದು. ಎಚ್-1ಬಿ ಮತ್ತು ಎಲ್-1 (ಉದ್ಯೋಗ), ಎಚ್-4 (ಎಚ್-1ಬಿಯವರ ಕುಟುಂಬ), ಎಫ್-1 (ವಿದ್ಯಾರ್ಥಿ) ಅಥವಾ ಪ್ರವಾಸಿ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಕೇಂದ್ರ ಕಾನೂನೇ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಹೊಂದಿರುವುದು ಮುಂತಾದ ಕೆಲವೇ ವಿನಾಯಿತಿಗಳಿವೆ. ಟೆಕ್ಸಾಸ್ ಎಷ್ಟೇ ಸಡಿಲವಾಗಿದ್ದರೂ ಈ ನಿಷೇಧ ಅಲ್ಲಿಯೂ ಅನ್ವಯಿಸುತ್ತದೆ. ಗೆಳೆಯರ ಜೊತೆ ಲಾಸ್ ವೇಗಸ್‌ಗೆ ಹೋದ ಹುಡುಗರು ಗುಂಡು ಹೊಡೆಯುವ ರೇಂಜಿನಲ್ಲಿ ಬಾಡಿಗೆ ಬಂದೂಕು ಹಿಡಿದು ಫೋಟೊ ಕಳಿಸುತ್ತಾರೆ. ನಾವೂ ಮನೆಯ ಗ್ರೂಪಿನಲ್ಲಿ ಅದಕ್ಕೆ ಹೆಬ್ಬೆರಳು ಒತ್ತುತ್ತೇವೆ. ವಿನಾಯಿತಿ ಇಲ್ಲದವನ ಕೈಗೆ ಬಂದೂಕು ಬಂದದ್ದು ಅರ್ಧ ಗಂಟೆಗೇ ಆದರೂ ಅದು ಈ ನಿಷೇಧದ ಅಡಿಯಲ್ಲೇ ಬರುತ್ತದೆ. 2022ರ ತಿದ್ದುಪಡಿಯ ನಂತರ ಇದಕ್ಕೆ ಗರಿಷ್ಠ ಶಿಕ್ಷೆ 15 ವರ್ಷ. ಪ್ರತಿಯೊಬ್ಬರನ್ನೂ ಹಿಡಿದು ಒಳಗೆ ಹಾಕುತ್ತಾರೆಂದಲ್ಲ. ಗ್ರೀನ್ ಕಾರ್ಡ್ (ಅಲ್ಲಿ ಕಾಯಂ ನೆಲೆಸುವ ಅನುಮತಿ) ಸಾಲಿನಲ್ಲಿ ವರ್ಷಗಟ್ಟಲೆ ನಿಂತವರು ಒಂದು ಫೋಟೊಗಾಗಿ ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬೇಕೇ ಎಂಬುದಷ್ಟೇ ನನ್ನ ಪ್ರಶ್ನೆ.

ಗ್ರೀನ್ ಕಾರ್ಡ್ ಇದ್ದವರಿಗೆ ಈ ಅಡ್ಡಿಯಿಲ್ಲ. ಅವರು ಬಂದೂಕು ಕೊಳ್ಳಬಹುದು. ಆದರೆ ಬಂದೂಕಿಗೆ ಸಂಬಂಧಿಸಿದ ಅಪರಾಧದಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಕಳಿಸಲು ವಲಸೆ ಕಾನೂನಿನಲ್ಲಿ ಅವಕಾಶವಿದೆ.

ಬೀದಿಯಲ್ಲಿ ಯಾರ ಸೊಂಟದಲ್ಲಿ ಏನಿರಬಹುದು

ಎರಡನೆಯದಾಗಿ ನೋಡಬೇಕಾದದ್ದು, ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಒಯ್ಯಲು ಲೈಸೆನ್ಸ್ ಬೇಕೇ ಬೇಡವೇ ಎಂಬುದು. 2024ರಲ್ಲಿ ದಕ್ಷಿಣ ಕೆರೊಲಿನಾ ಮತ್ತು ಲೂಸಿಯಾನ ಸೇರಿದ ಮೇಲೆ, ಲೈಸೆನ್ಸ್ ಇಲ್ಲದೆಯೇ ಒಯ್ಯಬಹುದಾದ ರಾಜ್ಯಗಳ ಸಂಖ್ಯೆ 29ಕ್ಕೆ ಏರಿತು. ನಮ್ಮವರು ಹೆಚ್ಚಾಗಿ ಹೋಗುವ ಟೆಕ್ಸಾಸ್ (2021ರಿಂದ), ಜಾರ್ಜಿಯಾ (2022ರಿಂದ), ಫ್ಲಾರಿಡಾ (2023ರಿಂದ) ಈ ಪಟ್ಟಿಯಲ್ಲಿವೆ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್, ವಾಷಿಂಗ್ಟನ್ ಇಲ್ಲ.

ಟೆಕ್ಸಾಸಿಗೆ ಹೊಸದಾಗಿ ಹೋದವರು ಅಂಗಡಿ ಬಾಗಿಲುಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಬೇಕು. ತನ್ನ ಅಂಗಡಿಯೊಳಗೆ ಬಂದೂಕು ಬೇಡವೆನ್ನುವ ಮಾಲೀಕ ಅಲ್ಲಿ ಸುಮ್ಮನೆ ಒಂದು ಚಿತ್ರ ಅಂಟಿಸಿದರೆ ಸಾಲದು. ಕಾನೂನಿನ ಪದಗಳನ್ನೇ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ, ಎದ್ದು ಕಾಣುವ ಬಣ್ಣದಲ್ಲಿ, ಕನಿಷ್ಠ ಒಂದು ಇಂಚು ಎತ್ತರದ ಅಕ್ಷರಗಳಲ್ಲಿ ಬರೆಸಬೇಕು. ಅದರಲ್ಲಿ 30.06 ಎಂಬ ಕಾನೂನಿನ ಕಲಂ ಸಂಖ್ಯೆ ಇದ್ದರೆ, ಲೈಸೆನ್ಸ್ ಇದ್ದವರೂ ಮುಚ್ಚಿಟ್ಟುಕೊಂಡು ಒಳಗೆ ಬರುವಂತಿಲ್ಲ, 30.07 ಇದ್ದರೆ ಎಲ್ಲರಿಗೂ ಕಾಣುವಂತೆ ಕಟ್ಟಿಕೊಂಡು ಬರುವಂತಿಲ್ಲ. ಕೆಂಪಕ್ಷರದಲ್ಲಿ 51% ಎಂದು ಕಂಡರೆ, ಆ ಜಾಗದ ಆದಾಯದ ಅರ್ಧಕ್ಕಿಂತ ಹೆಚ್ಚು ಮದ್ಯ ಮಾರಾಟದಿಂದ ಬರುತ್ತದೆ, ಅಲ್ಲಿ ಬಂದೂಕು ನಿಷಿದ್ಧ ಎಂದರ್ಥ. ಮಕ್ಕಳ ಹುಟ್ಟುಹಬ್ಬಕ್ಕೆ ಹಾಲ್ ಹುಡುಕುವವರಿಗೆ ಈ ಮೂರು ಸಂಖ್ಯೆಗಳ ಪರಿಚಯ ಉಪಯೋಗಕ್ಕೆ ಬರುತ್ತದೆ.

ಬಾಡಿಗೆ ಮನೆ ಮತ್ತು ಆಫೀಸಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಟೆಕ್ಸಾಸಿನಲ್ಲಿ 2019ರ ಕಾನೂನಿನ ಪ್ರಕಾರ, ಕಾನೂನುಬದ್ಧವಾಗಿ ಬಂದೂಕು ಇಟ್ಟುಕೊಂಡ ಬಾಡಿಗೆದಾರನನ್ನು ಅಪಾರ್ಟ್‌ಮೆಂಟಿನ ಮಾಲೀಕ ತಡೆಯುವಂತಿಲ್ಲ. ಉದ್ಯೋಗಿಯೊಬ್ಬ ಪಾರ್ಕಿಂಗ್‌ನಲ್ಲಿ ಬೀಗ ಹಾಕಿದ ಕಾರಿನೊಳಗೆ ಬಂದೂಕು ಇಟ್ಟುಕೊಳ್ಳುವುದನ್ನು 2011ರಿಂದ ಸಾಮಾನ್ಯವಾಗಿ ಕಂಪನಿಯೂ ತಡೆಯುವಂತಿಲ್ಲ. ‘ಆಸ್ಟಿನ್ ನಗರ ಉದಾರವಾದಿ, ಅಲ್ಲಿ ಬೇರೆ ನಿಯಮ ಇರಬಹುದು’ ಎಂದು ಊಹಿಸುವವರಿದ್ದಾರೆ. ಬಹುತೇಕ ರಾಜ್ಯಗಳು ನಗರಗಳ ಕೈಯಿಂದ ಈ ಅಧಿಕಾರವನ್ನು ಕಿತ್ತುಕೊಂಡಿವೆ. ಟೆಕ್ಸಾಸ್ ಅವುಗಳಲ್ಲಿ ಒಂದು.

ಎಂಎಸ್ ಓದಲು ಹೋಗುವವರಿಗೆ

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಂದ ಹೋಗುವ ವಿದ್ಯಾರ್ಥಿಗಳು ಸೀಟು, ಶುಲ್ಕ, ಸ್ಕಾಲರ್‌ಶಿಪ್ ನೋಡುತ್ತಾರೆಯೇ ಹೊರತು ಕ್ಯಾಂಪಸ್ಸಿನಲ್ಲಿ ಬಂದೂಕಿಗೆ ಪ್ರವೇಶವಿದೆಯೇ ಎಂಬುದನ್ನು ನೋಡುವುದು ಕಡಿಮೆ. ಟೆಕ್ಸಾಸಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ 2016ರ ಆಗಸ್ಟ್ 1ರಿಂದ, ಲೈಸೆನ್ಸ್ ಇರುವವರು ಪಿಸ್ತೂಲನ್ನು ಮುಚ್ಚಿಟ್ಟುಕೊಂಡು ತರಗತಿಗೂ ಬರಬಹುದು. ಅದಕ್ಕೆ ಸರಿಯಾಗಿ ಐವತ್ತು ವರ್ಷ ಹಿಂದೆ, 1966ರ ಆಗಸ್ಟ್ 1ರಂದು, ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದ ಗೋಪುರದ ಮೇಲಿಂದ ಗುಂಡಿನ ದಾಳಿ ನಡೆದಿತ್ತು. ಆ ದಿನವೇ ಜಾರಿಯಾಗಬೇಕಿತ್ತೇ ಎಂದು ಅಲ್ಲಿನವರೇ ಆಗ ಕೇಳಿದರು. ಲೈಸೆನ್ಸ್ ಇಲ್ಲದವರಿಗೆ 2021ರಲ್ಲಿ ಸಿಕ್ಕ ಸಡಿಲಿಕೆ ಕ್ಯಾಂಪಸ್ಸಿಗೆ ಅನ್ವಯಿಸುವುದಿಲ್ಲ. ಖಾಸಗಿ ವಿಶ್ವವಿದ್ಯಾಲಯಗಳಿಗೆ ಈ ವ್ಯವಸ್ಥೆಯಿಂದ ಹೊರಗುಳಿಯುವ ಅವಕಾಶವಿತ್ತು; ರೈಸ್, ಬೇಲರ್ ಹೊರಗುಳಿದವು. ಜಾರ್ಜಿಯಾದಲ್ಲಿಯೂ 2017ರಿಂದ ಸರ್ಕಾರಿ ಕ್ಯಾಂಪಸ್ಸುಗಳಿಗೆ ಪಿಸ್ತೂಲು ಮುಚ್ಚಿಟ್ಟುಕೊಂಡು ಬರಲು ಅನುಮತಿಯಿದೆ, ಹಾಸ್ಟೆಲ್ ಮತ್ತು ಕ್ರೀಡಾಂಗಣಗಳನ್ನು ಬಿಟ್ಟು. ಇದೇ ಕಾರಣಕ್ಕೆ ಪ್ರವೇಶ ಬಿಡಬೇಕೆಂದು ನಾನು ಹೇಳುವುದಿಲ್ಲ. ವಿಶ್ವವಿದ್ಯಾಲಯದ ಸ್ವಂತ ನಿಯಮಾವಳಿಯಲ್ಲಿ ಯಾವ ಕಟ್ಟಡ, ಯಾವ ಹಾಸ್ಟೆಲ್, ಯಾವ ಪ್ರಯೋಗಾಲಯ ಹೊರತು ಎಂಬುದು ಬರೆದಿರುತ್ತದೆ. ಐ-20 (ವಿದ್ಯಾರ್ಥಿ ವೀಸಾಕ್ಕೆ ವಿಶ್ವವಿದ್ಯಾಲಯ ಕೊಡುವ ಪತ್ರ) ಕೈಗೆ ಬರುವ ಮುಂಚೆಯೇ ಅದನ್ನು ಓದಿಕೊಳ್ಳಿ.

ಮಕ್ಕಳಿರುವ ಮನೆಗೆ ಇದೇ ಮುಖ್ಯ

ನನ್ನ ಅಭಿಪ್ರಾಯದಲ್ಲಿ ಸಣ್ಣ ಮಕ್ಕಳಿರುವ ಕುಟುಂಬ ಮೇಲಿನ ಎಲ್ಲಕ್ಕಿಂತ ಹೆಚ್ಚಾಗಿ ಎರಡು ಕಾನೂನುಗಳನ್ನು ಹುಡುಕಬೇಕು. ಒಂದು, ಮನೆಯಲ್ಲಿರುವ ಬಂದೂಕಿಗೆ ಬೀಗ ಹಾಕಬೇಕೆಂಬ ಅಥವಾ ಮಗುವಿನ ಕೈಗೆ ಸಿಕ್ಕರೆ ದೊಡ್ಡವರನ್ನು ಹೊಣೆ ಮಾಡುವ ಕಾನೂನು. ಮ್ಯಾಸಚೂಸೆಟ್ಸ್‌ನಲ್ಲಿ ಮಾಲೀಕನ ಹಿಡಿತದಲ್ಲಿ ಇಲ್ಲದ ಬಂದೂಕಿಗೆ ಬೀಗ ಕಡ್ಡಾಯ. ಟೆಕ್ಸಾಸಿನಲ್ಲಿ ಬೀಗ ಕಡ್ಡಾಯವಿಲ್ಲ. ಆದರೆ ಅಜಾಗರೂಕತೆಯಿಂದ 17 ವರ್ಷದೊಳಗಿನವರ ಕೈಗೆ ಗುಂಡು ತುಂಬಿದ ಬಂದೂಕು ಸಿಕ್ಕರೆ ಅದು ಅಪರಾಧ. ಇಂಥ ಹೊಣೆಗಾರಿಕೆಯ ಕಾನೂನನ್ನು ಮೊದಲು ತಂದ ರಾಜ್ಯ ಫ್ಲಾರಿಡಾ, 1989ರಲ್ಲಿ.

ಎರಡನೆಯದು ‘ರೆಡ್ ಫ್ಲಾಗ್’ ಕಾನೂನು. ತನಗೋ ಇತರರಿಗೋ ಅಪಾಯ ಮಾಡಬಹುದೆಂಬ ಲಕ್ಷಣ ತೋರಿದವನ ಬಂದೂಕನ್ನು ನ್ಯಾಯಾಲಯದ ಆದೇಶದ ಮೇಲೆ ತಾತ್ಕಾಲಿಕವಾಗಿ ತೆಗೆದಿಡಲು ಇದು ಅವಕಾಶ ಕೊಡುತ್ತದೆ. ಕನೆಕ್ಟಿಕಟ್ 1999ರಲ್ಲಿ ಇದನ್ನು ಆರಂಭಿಸಿತು. ಟೆಕ್ಸಾಸ್, ಜಾರ್ಜಿಯಾಗಳಲ್ಲಿ ಇಲ್ಲ; ಓಕ್ಲಹಾಮ 2020ರಲ್ಲಿ, ಟೆಕ್ಸಾಸ್ 2025ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಇಂಥ ಕಾನೂನನ್ನೇ ನಿಷೇಧಿಸಿದವು.

ಇಲ್ಲಿಯೇ ಒಂದು ಮಾತಿನ ವಿಂಗಡಣೆ ಕೈಕೊಡುವುದು. ಫ್ಲಾರಿಡಾ ಲೈಸೆನ್ಸ್ ಬೇಡವೆನ್ನುವ ರಾಜ್ಯ. ಆದರೂ 2018ರ ಪಾರ್ಕ್‌ಲ್ಯಾಂಡ್ ಶಾಲೆಯ ಹತ್ಯಾಕಾಂಡದ ನಂತರ ಅಲ್ಲಿನ ಶಾಸನಸಭೆ ರೆಡ್ ಫ್ಲಾಗ್ ಕಾನೂನು ತಂದಿತು, ರೈಫಲ್ ಸೇರಿದಂತೆ ಎಲ್ಲ ಬಂದೂಕುಗಳ ಖರೀದಿ ವಯಸ್ಸನ್ನು 21ಕ್ಕೆ ಏರಿಸಿತು. ವರ್ಮಾಂಟ್ ಎಂದೂ ಲೈಸೆನ್ಸ್ ಕೇಳದ ರಾಜ್ಯ. ಅದೇ 2018ರಲ್ಲಿ ರೆಡ್ ಫ್ಲಾಗ್ ಕಾನೂನನ್ನೂ ಗುಂಡಿನ ಮ್ಯಾಗಜಿನ್‌ಗಳಿಗೆ ಮಿತಿಯನ್ನೂ ಒಪ್ಪಿಕೊಂಡಿತು. ಬಂದೂಕು ನಿಯಂತ್ರಣಕ್ಕಾಗಿ ದುಡಿಯುವ ಗಿಫರ್ಡ್ಸ್ ಸಂಸ್ಥೆ ರಾಜ್ಯಗಳ ಕಾನೂನಿಗೆ ಕೊಡುವ ಅಂಕಪಟ್ಟಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ‘ಎ’, ಟೆಕ್ಸಾಸಿಗೆ ‘ಎಫ್’ ಎಂದಿರುವುದನ್ನು ನೋಡಿ ನಿಲ್ಲದೆ, ಆ ಅಂಕದ ಕೆಳಗಿರುವ ವಿವರವನ್ನು ಓದಬೇಕೆಂದು ಹೇಳುವುದು ಇದಕ್ಕೇ.

ಯಾವ ರಾಜ್ಯವಾದರೂ ಸರಿ, ಮಗುವನ್ನು ಹೊಸ ಗೆಳೆಯನ ಮನೆಗೆ ಆಟಕ್ಕೆ ಕಳಿಸುವ ಮೊದಲು ಆ ಮನೆಯವರಿಗೆ ಫೋನ್ ಮಾಡಿ, ‘ನಮ್ಮ ಹುಡುಗನಿಗೆ ಶೇಂಗಾ ಅಲರ್ಜಿ ಇದೆ, ನಿಮ್ಮ ಮನೆಯಲ್ಲಿ ನಾಯಿ ಇದೆಯೇ, ಬೀಗ ಹಾಕದ ಬಂದೂಕು ಇದೆಯೇ’ ಎಂದು ಒಂದೇ ಉಸಿರಿನಲ್ಲಿ ಕೇಳಿಬಿಡಬೇಕು. ನಮ್ಮ ಕಡೆಯವರಿಗೆ ಹೀಗೆ ಕೇಳಲು ಸಂಕೋಚ. ಅಲ್ಲಿನ ಮಕ್ಕಳ ತಜ್ಞರ ಅಕಾಡೆಮಿಯೇ ಕೇಳಿ ಎನ್ನುತ್ತದೆ, ಕೇಳಿಸಿಕೊಂಡವರೂ ಸಾಮಾನ್ಯವಾಗಿ ತಪ್ಪು ತಿಳಿಯುವುದಿಲ್ಲ.

ಬಾಣಂತನಕ್ಕೆ ಹೋಗುವ ಹಿರಿಯರಿಗೊಂದು ಮಾತು

ಆರು ತಿಂಗಳು ಇರಲು ಹೋದ ಅಜ್ಜ-ಅಜ್ಜಿಯರು ಸಂಜೆ ವಾಕಿಂಗ್ ಹೋಗಿ, ಒಂದೇ ರೀತಿ ಕಾಣುವ ಮನೆಗಳ ನಡುವೆ ದಾರಿ ತಪ್ಪಿ, ಬೇರೆಯವರ ಅಂಗಳದಲ್ಲಿ ನಿಲ್ಲುವುದುಂಟು. 2023ರ ಏಪ್ರಿಲ್‌ನಲ್ಲಿ ಮಿಸ್ಸೂರಿಯ ಕಾನ್ಸಸ್ ಸಿಟಿಯಲ್ಲಿ ತಪ್ಪು ಮನೆಯ ಗಂಟೆ ಒತ್ತಿದ 16ರ ಹುಡುಗನ ಮೇಲೆ ಮನೆಯವನು ಗುಂಡು ಹಾರಿಸಿದ. ಅದೇ ವಾರ ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನಲ್ಲಿ ತಪ್ಪು ಮನೆಯ ದಾರಿಗೆ ತಿರುಗಿದ ಕಾರಿನಲ್ಲಿದ್ದ 20ರ ಯುವತಿ ಗುಂಡಿಗೆ ಬಲಿಯಾದಳು. ಮಿಸ್ಸೂರಿಯಲ್ಲಿ, ಅಪಾಯ ಕಂಡಾಗ ಹಿಂದೆ ಸರಿಯಬೇಕಿಲ್ಲ ಎಂಬ ‘ಸ್ಟ್ಯಾಂಡ್ ಯುವರ್ ಗ್ರೌಂಡ್’ ಕಾನೂನಿದೆ. ನ್ಯೂಯಾರ್ಕಿನಲ್ಲಿ ಅದಿಲ್ಲ, ಅಲ್ಲಿ ಕೊಂದವನಿಗೆ ಕೊಲೆಯ ಅಪರಾಧಕ್ಕೆ ದೀರ್ಘ ಶಿಕ್ಷೆಯಾಯಿತು. ಎರಡೂ ಕಡೆ ಗುಂಡು ಹಾರಿತು ಎಂಬುದನ್ನು ಗಮನಿಸಿ. ಈ ಬಗೆಯ ಕಾನೂನು ಹೆಚ್ಚಾಗಿ ನಿರ್ಧರಿಸುವುದು ಆಮೇಲೆ ನಡೆಯುವ ವಿಚಾರಣೆಯನ್ನು. ಆದ್ದರಿಂದ ಹಿರಿಯರ ಜೇಬಿನಲ್ಲಿ ವಿಳಾಸದ ಚೀಟಿ, ಫೋನಿನಲ್ಲಿ ಅಲ್ಲಿನ ಸಿಮ್ ಎರಡೂ ಇರಲಿ, ಕತ್ತಲಾದ ಮೇಲೆ ಅಪರಿಚಿತ ಬಾಗಿಲು ತಟ್ಟುವುದು ಬೇಡ.

ಅಂಕಿಸಂಖ್ಯೆಯನ್ನು ಓದುವಾಗ

2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ 26,328 ಮಂದಿ, ಅಂದರೆ ಅರ್ಧಕ್ಕಿಂತ ಹೆಚ್ಚು, ಆತ್ಮಹತ್ಯೆ ಮಾಡಿಕೊಂಡವರು. ಆ ವರ್ಷ ಲಕ್ಷ ಜನಸಂಖ್ಯೆಗೆ ಮಿಸಿಸಿಪ್ಪಿಯಲ್ಲಿ 33.9, ಮ್ಯಾಸಚೂಸೆಟ್ಸ್‌ನಲ್ಲಿ 3.4 ಸಾವುಗಳಾದವು, ಟೆಕ್ಸಾಸ್ 15ರ ಆಸುಪಾಸಿನಲ್ಲಿತ್ತು, ಕ್ಯಾಲಿಫೋರ್ನಿಯಾ 9ರ ಆಸುಪಾಸಿನಲ್ಲಿತ್ತು. ವ್ಯತ್ಯಾಸ ದೊಡ್ಡದು, ಅಲ್ಲಗಳೆಯುವಂತಿಲ್ಲ. ಆದರೆ ಮೊಂಟಾನ, ವಯೋಮಿಂಗ್‌ಗಳಂಥ ವಿರಳ ಜನಸಂಖ್ಯೆಯ ರಾಜ್ಯಗಳ ಸಂಖ್ಯೆ ಏರುವುದು ಮುಖ್ಯವಾಗಿ ಆತ್ಮಹತ್ಯೆಗಳಿಂದ. ಬೀದಿಯ ಸುರಕ್ಷತೆ ತಿಳಿಯಬೇಕೆಂದರೆ ಕೊಲೆಗಳ ಲೆಕ್ಕವನ್ನು ಬೇರೆಯಾಗಿ, ಅದೂ ಕೌಂಟಿವಾರು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ನೋಡಬೇಕು. ಮನೆಯಲ್ಲಿ ಖಿನ್ನತೆಯಿಂದ ಬಳಲುವವರಿದ್ದರೆ ಮಾತ್ರ ಆತ್ಮಹತ್ಯೆಗಳ ಲೆಕ್ಕವೇ ಹೆಚ್ಚು ಮುಖ್ಯ, ಏಕೆಂದರೆ ಕೈಗೆಟುಕುವ ಬಂದೂಕು ಎರಡನೆಯ ಯೋಚನೆಗೆ ಸಮಯ ಕೊಡುವುದಿಲ್ಲ.

ಬಂದೂಕು ಇಟ್ಟುಕೊಂಡು ರಾಜ್ಯ ಬದಲಾಯಿಸುವವರು

ಗ್ರೀನ್ ಕಾರ್ಡ್ ಅಥವಾ ಪೌರತ್ವ ಪಡೆದು ಬಂದೂಕು ಕೊಂಡವರೂ ನಮ್ಮಲ್ಲಿ ಇದ್ದಾರೆ. ಅವರಿಗೆ ಸಂಕ್ಷಿಪ್ತವಾಗಿ: ಒಂದು ರಾಜ್ಯದ ಒಯ್ಯುವ ಲೈಸೆನ್ಸನ್ನು ಇನ್ನೊಂದು ರಾಜ್ಯ ಒಪ್ಪಬೇಕೆಂಬ ನಿಯಮವಿಲ್ಲ, ಮತ್ತು ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ ಹೊರರಾಜ್ಯದ ಲೈಸೆನ್ಸನ್ನು ಮಾನ್ಯ ಮಾಡುವುದಿಲ್ಲ. ಕ್ಯಾಲಿಫೋರ್ನಿಯಾಕ್ಕೆ ನೆಲೆಸಲು ಬಂದವರು 60 ದಿನಗಳೊಳಗೆ ತಮ್ಮ ಬಂದೂಕುಗಳ ವಿವರ ಕೊಡಬೇಕು. ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜಿನ್ ಅಲ್ಲಿಗೆ ತರುವಂತಿಲ್ಲ. ಇಲಿನಾಯ್‌ನಲ್ಲಿ ಇಟ್ಟುಕೊಳ್ಳುವುದಕ್ಕೇ ಗುರುತಿನ ಚೀಟಿ ಬೇಕು. ದಾರಿಯಲ್ಲಿ ಬೇರೆ ರಾಜ್ಯಗಳನ್ನು ಹಾಯುವಾಗ, 1986ರ ಕೇಂದ್ರ ಕಾನೂನಿನ ರಕ್ಷಣೆ ಸಿಗಬೇಕಾದರೆ ಬಂದೂಕಿನಲ್ಲಿ ಗುಂಡು ಇರಬಾರದು, ಬಂದೂಕೂ ಗುಂಡೂ ಕೂತಲ್ಲಿಂದ ಕೈಗೆಟುಕದಂತೆ ಡಿಕ್ಕಿಯಲ್ಲಿರಬೇಕು, ಹೊರಟ ರಾಜ್ಯ ಮತ್ತು ತಲುಪುವ ರಾಜ್ಯ ಎರಡರಲ್ಲೂ ಅದು ಕಾನೂನುಬದ್ಧವಾಗಿರಬೇಕು.

ಇನ್ನು ದಿನಾಂಕಗಳ ಮಾತು. ಟೆಕ್ಸಾಸಿನ ಶಾಸನಸಭೆಯ ಸಾಮಾನ್ಯ ಅಧಿವೇಶನ ಬೆಸ ಸಂಖ್ಯೆಯ ವರ್ಷಗಳ ಜನವರಿಯಲ್ಲಿ ಆರಂಭವಾಗಿ 140 ದಿನ ನಡೆಯುತ್ತದೆ; ಅಲ್ಲಿ ಒಪ್ಪಿಗೆಯಾದ ಬಹಳಷ್ಟು ಕಾನೂನುಗಳು ಸೆಪ್ಟೆಂಬರ್ 1ಕ್ಕೆ ಜಾರಿಯಾಗುತ್ತವೆ. ವಾಷಿಂಗ್ಟನ್ ರಾಜ್ಯ 2025ರಲ್ಲಿ ಸಹಿ ಮಾಡಿದ, ಬಂದೂಕು ಖರೀದಿಗೇ ಪರವಾನಗಿ ಬೇಕೆನ್ನುವ ಕಾನೂನು ಜಾರಿಗೆ ಇಟ್ಟುಕೊಂಡ ವರ್ಷ 2027. ಇವುಗಳಲ್ಲಿ ಹಲವು ಕೋರ್ಟಿನ ಮೆಟ್ಟಿಲೇರಿ ನಡುವೆ ತಡೆಯಾಜ್ಞೆಗೂ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಸಂಬಂಧಿಕರ ಬಾಯಿಮಾತು ಅಥವಾ ಹಳೆಯ ವಿಡಿಯೊ ನಂಬದೆ, ಬಾಡಿಗೆ ಕರಾರಿಗೆ ಸಹಿ ಹಾಕುವ ವಾರದಲ್ಲಿ ಆಯಾ ರಾಜ್ಯದ ಶಾಸನಸಭೆಯ ಅಥವಾ ಅಟಾರ್ನಿ ಜನರಲ್ ಕಚೇರಿಯ ಪುಟ ತೆರೆದು, ಪ್ರತಿ ಕಾನೂನಿನ ಕೆಳಗಿರುವ ಜಾರಿ ದಿನಾಂಕವನ್ನೂ ಅದರ ಮೇಲೆ ತಡೆಯಾಜ್ಞೆ ಇದೆಯೇ ಎಂಬುದನ್ನೂ ನೋಡಿಕೊಳ್ಳುವುದು.