ಶ್ರುತಿ ಅರ್ಧ ಮನೆ ಇಳಿಸಿದ ಮೇಲೆ

ಮೊದಲು ನಾನು ಐದೂವರೆ ಮನೆ ಶ್ರುತಿಯಲ್ಲಿ ಹಾಡುತ್ತಿದ್ದೆ. ಶ್ರುತಿ ಅಂದರೆ ಹಾಡುವವರು ಷಡ್ಜ ಅಂತ ಹಿಡಿದುಕೊಳ್ಳುವ ಎತ್ತರ, ಮನೆ ಅಂದರೆ ಅದನ್ನು ಎಣಿಸುವ ಲೆಕ್ಕ. ಈಗ ಐದು ಮನೆ. ಹಾರ್ಮೋನಿಯಂ ಲೆಕ್ಕದಲ್ಲಿ ಜಿ ಶಾರ್ಪ್‌ನಿಂದ ಜಿಗೆ ಇಳಿದಿದ್ದೇನೆ, ಅಷ್ಟೇ. ಕೇಳುವವರಲ್ಲಿ ತುಂಬಾ ಜನಕ್ಕೆ ವ್ಯತ್ಯಾಸ ಗೊತ್ತಾಗುವುದೂ ಇಲ್ಲ. ಆದರೆ ಕರ್ನಾಟಕ ಸಂಗೀತವನ್ನೇ ನಂಬಿಕೊಂಡಿರುವ ಗಾಯಕಿಗೆ ಇದು ದೊಡ್ಡ ತೀರ್ಮಾನ. ಸಾಧಕ ಅಂದರೆ ದಿನದ ಅಭ್ಯಾಸ, ಪಕ್ಕವಾದ್ಯ, ಕಛೇರಿಯಲ್ಲಿ ಹಾಡುವ ಕೃತಿಗಳ ಪಟ್ಟಿ, ಪಾಠ, ಎಲ್ಲವನ್ನೂ ಮತ್ತೆ ಹೊಂದಿಸಿಕೊಳ್ಳಬೇಕಾಗುತ್ತದೆ. ನಮ್ಮಲ್ಲಿ ಈ ಮಾತು ಗ್ರೀನ್ ರೂಮಿನಲ್ಲಿ ಮೆಲ್ಲಗೆ ನಡೆಯುತ್ತದೆಯೇ ಹೊರತು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎರಡೂವರೆ ಗಂಟೆ ಕಛೇರಿಯ ಮೊದಲರ್ಧದಲ್ಲಿ ನನಗೆ ಯಾವ ತೊಂದರೆಯೂ ಇರಲಿಲ್ಲ. ಪ್ರಧಾನ ರಾಗದ ಆಲಾಪನೆಯಲ್ಲಿ ತಾರಸ್ಥಾಯಿ ಪಂಚಮಕ್ಕೆ, ಅಂದರೆ ಮೇಲಿನ ಸಪ್ತಕದ ಪ ಸ್ವರಕ್ಕೆ, ಹೋದಾಗ ಮಾತ್ರ ಕತ್ತಿನ ನರ ಬಿಗಿಯುತ್ತಿತ್ತು. ಸ್ವರ ಸರಿಯಾಗಿಯೇ ಬೀಳುತ್ತಿತ್ತು, ಆದರೆ ಒತ್ತಿ ಹಾಡಬೇಕಿತ್ತು. ಮಾರನೇ ದಿನ ಬೆಳಿಗ್ಗೆ ಧ್ವನಿ ಕಟ್ಟಿರುತ್ತಿತ್ತು. ಗಂಟಲಿನ ಡಾಕ್ಟರು ಕ್ಯಾಮೆರಾ ಬಿಟ್ಟು ನೋಡಿದರು. ಗಂಟು ಗಿಂಟು ಏನೂ ಇಲ್ಲ, ಊತ ಇದೆ, ಆಯಾಸ ಆಗಿದೆ ಅಂದರು. ಇನ್ನೊಂದು ವಿಷಯವನ್ನೂ ಬಿಡಿಸಿ ಹೇಳಿದರು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹಾರ್ಮೋನು ಕಡಿಮೆಯಾಗಿ ಹೆಂಗಸರ ಧ್ವನಿ ದಪ್ಪವಾಗಬಹುದು, ಮೇಲಿನ ಸ್ವರಗಳು ಕಷ್ಟವಾಗಬಹುದು. ಇದು ಕಾಯಿಲೆ ಅಲ್ಲ. ನಾನು ನನ್ನ ಗುರುಗಳ ಹತ್ತಿರ ಹೋದೆ. ಅವರು ಜಾಸ್ತಿ ಮಾತಾಡಲಿಲ್ಲ. "ಇನ್ನೂ ತುಂಬಾ ವರ್ಷ ಹಾಡ್ಬೇಕು ಅಂತ ಇದೆ ತಾನೇ? ಹಾಗಿದ್ರೆ ಇಳಿಸಮ್ಮ" ಅಂದರು.

ಎತ್ತರದ ಶ್ರುತಿಗೆ ನಮ್ಮಲ್ಲಿ ಯಾಕಿಷ್ಟು ಗೌರವ ಅಂತ ಆಗ ಯೋಚಿಸಿದೆ. ಅದು ಮೈಕ್ ಇಲ್ಲದ ಕಾಲದಿಂದ ಬಂದದ್ದು. ಕಂಪನಿ ನಾಟಕದವರು ಕೊನೇ ಸಾಲಿಗೆ ಕೇಳಿಸಬೇಕು ಅಂತ ಏರಿದ ಶ್ರುತಿಯಲ್ಲೇ ರಂಗಗೀತೆ ಹಾಡುತ್ತಿದ್ದರು. ಪಿಟೀಲು ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಸಿಕೊಂಡದ್ದೂ ಸಭೆಯ ಹಿಂದೆ ಕೂತವರಿಗೆ ನಾದ ಮುಟ್ಟಲಿ ಅಂತಲೇ. ಈಗ ಮೂಗಿನ ಮುಂದೆ ಮೈಕ್ ಇದೆ. ಅರ್ಧ ಮನೆ ಇಳಿಸಿದರೆ ಹಿಂದಿನ ಸಾಲಿನವರಿಗೆ ನಷ್ಟ ಏನೂ ಇಲ್ಲ. ಇಷ್ಟು ತಲೆಗೆ ಹೋದ ಮೇಲೆ ಮನಸ್ಸು ಗಟ್ಟಿಯಾಯಿತು.

ಇಳಿಸಿದ ಮೊದಲ ವಾರ ತಾರಸ್ಥಾಯಿ ಎಷ್ಟು ಹಗುರವಾಯಿತು ಅಂದರೆ, ಖುಷಿಗೆ ಕಾಂಬೋಧಿ ರಾಗ ಹಾಡಿದ್ದೇ ಹಾಡಿದ್ದು. ಕಷ್ಟ ಕೆಳಗಿತ್ತು. ಮಂದ್ರ ಪಂಚಮ, ಅಂದರೆ ಕೆಳಗಿನ ಸಪ್ತಕದ ಪ, ಗಾಳಿಯಾಗಿಬಿಟ್ಟಿತ್ತು. ಐದೂವರೆಯಲ್ಲಿ ತುಂಬಿಕೊಂಡು ನಿಲ್ಲುತ್ತಿದ್ದ ಸ್ವರ ಐದರಲ್ಲಿ ಬರೀ ಉಸಿರಾಗಿ ಹೋಗುತ್ತಿತ್ತು. ಶ್ರುತಿ ಇಳಿಸುವವರು ಇದನ್ನು ತಿಳಿದಿರಬೇಕು. ಮೇಲೆ ಸಿಕ್ಕ ಆರಾಮಕ್ಕೆ ಕೆಳಗೆ ದುಡಿಯಬೇಕು.

ನಾನು ಮಾಡಿದ್ದು ಇಷ್ಟು. ಬೆಳಿಗ್ಗೆ ಎದ್ದು, ಯಾರ ಜೊತೆಗೂ ಮಾತಾಡುವ ಮೊದಲು, ತಂಬೂರಿ ಹಾಕಿಕೊಂಡು ಮಾಯಾಮಾಳವಗೌಳ ರಾಗದಲ್ಲಿ ಮಧ್ಯ ಷಡ್ಜದಿಂದ ನಿಧಾನ ಇಳಿಯುವುದು. ಸ, ನಿ, ದ, ಪ. ಒಂದೊಂದು ಸ್ವರವೂ ಒಂದು ಪೂರ್ತಿ ಉಸಿರು. ಪಂಚಮ ಬಂದಾಗ ಗಲ್ಲ ಎದೆಗೆ ಒತ್ತಿಕೊಳ್ಳುವ ಆಸೆ ಆಗುತ್ತದೆ. ಒತ್ತಬಾರದು. ತಲೆ ನೇರ ಇರಬೇಕು, ದವಡೆ ಸಡಿಲ ಇರಬೇಕು. ದನಿ ಚಿಕ್ಕದಾದರೂ ಚಿಂತೆಯಿಲ್ಲ, ತಂಬೂರಿಯ ಪಂಚಮದಲ್ಲಿ ಸೇರಿಹೋಗಬೇಕು. ಅಕಾರದಲ್ಲಿ ಒಮ್ಮೆ, ಉಕಾರದಲ್ಲಿ ಒಮ್ಮೆ. ಉಕಾರದಲ್ಲಿ ಮಂದ್ರ ಬೇಗ ತುಂಬುತ್ತದೆ, ಇದು ನನ್ನ ಗಂಟಲಿನ ಅನುಭವ. ಆಮೇಲೆ ಅದೇ ಜಾಗದಲ್ಲಿ ಒಂದೊಂದು ಸ್ವರವನ್ನೂ ಎರಡೆರಡು ಸಲ ಹಾಡುವ ಜಂಟಿ ವರಸೆ, ಕೊನೆಗೆ ಒಂದು ವರ್ಣ ಎರಡು ಕಾಲದಲ್ಲಿ, ಅಂದರೆ ಎರಡು ವೇಗದಲ್ಲಿ. ತಾರಸ್ಥಾಯಿಯ ಸಾಧಕ ಸಂಜೆಗೆ. ಕೆಲವು ತಿಂಗಳು ಹೀಗೆ ಹೋದ ಮೇಲೆ ಮಂದ್ರ ಪಂಚಮ ಗಟ್ಟಿಯಾಗಿ ನಿಂತಿತು. ಅಲ್ಲಿಯವರೆಗೆ ಹೊಸ ಶ್ರುತಿಯಲ್ಲಿ ದೊಡ್ಡ ಕಛೇರಿ ಒಪ್ಪಿಕೊಳ್ಳಲಿಲ್ಲ.

ಪಕ್ಕವಾದ್ಯದವರಿಗೆ ಮೊದಲೇ ಹೇಳಬೇಕು. ಇದು ಬರೀ ಸೌಜನ್ಯದ ಮಾತಲ್ಲ, ವಾದ್ಯದ ಮಾತು. ಪಿಟೀಲಿನವರು ತಂತಿ ಇಳಿಸಿಕೊಳ್ಳುತ್ತಾರೆ, ಕೂತು ಒಂದಿಷ್ಟು ಹೊತ್ತು ನುಡಿಸಿ ಪಳಗಿಸಿಕೊಂಡರೆ ಆಯಿತು. ಮೃದಂಗ ಅರ್ಧ ಮನೆ ಹೆಚ್ಚುಕಡಿಮೆಯನ್ನು ಹೇಗೋ ತಡೆಯುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಬೇರೆ ಮೃದಂಗವೇ ಬೇಕು. ಘಟದ ಕಥೆಯೇ ಬೇರೆ. ಸುಟ್ಟಾಗ ಬಂದ ಶ್ರುತಿಯೇ ಅದರ ಶ್ರುತಿ, ಹಾಗಾಗಿ ಅವರು ಮನೆಯಿಂದ ಹೊರಡುವಾಗಲೇ ಸರಿಯಾದ ಘಟ ಆರಿಸಿ ತರಬೇಕು. ನನಗೆ ಮೊದಲಿಂದ ಮೃದಂಗ ನುಡಿಸುತ್ತಿದ್ದ ಹಿರಿಯ ವಿದ್ವಾಂಸರಿಗೆ ಫೋನ್ ಮಾಡಿ ಹೇಳಿದೆ.

"ಸಾರ್, ನಾನು ಈಗ ಐದಕ್ಕೆ ಹಾಡ್ತಿದ್ದೀನಿ."

"ಒಳ್ಳೇದಾಯ್ತಮ್ಮ. ಪ್ರಧಾನ ಆದಿ ತಾಳನಾ, ಛಾಪು ತಾಳನಾ?"

ಅಷ್ಟೇ ಮಾತು. ನಾನು ದಿನಗಟ್ಟಲೆ ಅಳುಕಿಕೊಂಡಿದ್ದ ವಿಷಯ ಅವರಿಗೆ ವಾದ್ಯ ಶ್ರುತಿ ಮಾಡುವ ಕೆಲಸ ಮಾತ್ರ. ಆ ಹಿರಿತನಕ್ಕೆ ನಾನು ಯಾವತ್ತೂ ಋಣಿ. ಎಲ್ಲರೂ ಹಾಗಿರಲಿಲ್ಲ. "ಏನು, ಧ್ವನಿ ಹೋಯ್ತಾ?" ಅಂತ ಕೇಳಿದವರೂ ಇದ್ದರು. ನೋವಾಯಿತು, ಸುಳ್ಳು ಹೇಳುವುದಿಲ್ಲ.

ಪಟ್ಟಿ ಮಾಡುವ ರೀತಿಯೂ ಬದಲಾಯಿತು. ಈಗ ಜಾಸ್ತಿ ಸಿಗುವುದು ಒಂದೂವರೆ ಗಂಟೆಯ ಕಛೇರಿ. ಹಿಂದಿನ ತಲೆಮಾರಿನ ಗಾಯಕ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು ರೂಢಿಗೆ ತಂದ ಪದ್ಧತಿ, ಅಂದರೆ ವರ್ಣದಿಂದ ಶುರು ಮಾಡಿ ಚಿಕ್ಕ ಚಿಕ್ಕ ಕೃತಿಗಳ ನಂತರ ಪ್ರಧಾನಕ್ಕೆ ಬರುವುದು, ಗಂಟಲಿನ ದೃಷ್ಟಿಯಿಂದ ಎಷ್ಟು ಒಳ್ಳೆಯದು ಅಂತ ನನಗೆ ಈಗ ಅರ್ಥವಾಗುತ್ತಿದೆ. ವರ್ಣಕ್ಕೆ ಆರು ನಿಮಿಷ. ಗಣಪತಿ ಕೃತಿ, ಸ್ವಲ್ಪ ಸ್ವರ ಸೇರಿಸಿ ಒಂಬತ್ತು. ಉಪಪ್ರಧಾನಕ್ಕೆ ಹದಿನೇಳು. ಒಂದು ಚುರುಕಾದ ಕೃತಿ ನಾಲ್ಕು. ಪ್ರಧಾನಕ್ಕೆ ಮೂವತ್ತಾರು, ಅದರಲ್ಲೇ ತನಿ ಆವರ್ತನ, ಅಂದರೆ ಮೃದಂಗ, ಘಟದವರು ಮಾತ್ರ ನುಡಿಸುವ ಭಾಗ. ಉಳಿದದ್ದು ದೇವರನಾಮ, ತಿಲ್ಲಾನ, ಮಂಗಳಕ್ಕೆ. ತನಿಯ ಹತ್ತು ನಿಮಿಷವನ್ನು ಯಾವ ಕಾರಣಕ್ಕೂ ಕತ್ತರಿಸುವುದಿಲ್ಲ. ಅದು ಅವರ ಹಕ್ಕು. ನನ್ನ ಗಂಟಲಿಗೂ ಅಷ್ಟು ಹೊತ್ತು ವಿಶ್ರಾಂತಿ ಸಿಗುತ್ತದೆ, ಕೈಯಲ್ಲಿ ತಾಳ ಹಾಕಿಕೊಂಡು ಕೂತಿರಬಹುದು.

ರಾಗ ಆರಿಸುವಾಗ ಎರಡು ವಿಷಯ ನೋಡುತ್ತೇನೆ. ಪ್ರಧಾನ ಕಲ್ಯಾಣಿ ಅಂದರೆ, ಅದು ಪ್ರತಿ ಮಧ್ಯಮದ (ಮೇಲಿನ ಮ) ರಾಗವಾದ್ದರಿಂದ, ಉಪಪ್ರಧಾನ ಶುದ್ಧ ಮಧ್ಯಮದ (ಕೆಳಗಿನ ಮ) ರಾಗವಾಗಿರಬೇಕು, ಬಿಲಹರಿಯೋ ಮುಖಾರಿಯೋ. ಇದು ಎಲ್ಲರೂ ಮಾಡುವುದೇ. ಎರಡನೆಯದು ನನ್ನದು. ತಾರಸ್ಥಾಯಿಯಲ್ಲಿ ಜಾಸ್ತಿ ಸುತ್ತಾಡುವ ಎರಡು ಕೃತಿಗಳನ್ನು ಅಕ್ಕಪಕ್ಕ ಇಡುವುದಿಲ್ಲ. ನಡುವೆ ಮಂದ್ರ, ಮಧ್ಯದಲ್ಲೇ ಓಡಾಡುವ ಒಂದು ಸಣ್ಣ ಕೃತಿ ಬೇಕೇ ಬೇಕು. ಪಲ್ಲವಿ ಎಲ್ಲಿ ಏರುತ್ತದೆ, ಚರಣ ಎಲ್ಲಿ ಇಳಿಯುತ್ತದೆ ಅಂತ ಪುಸ್ತಕದ ಅಂಚಿನಲ್ಲಿ ಬಾಣದ ಗುರುತು ಹಾಕಿಟ್ಟಿದ್ದೇನೆ. ಈಗ ನನ್ನ ಶಿಷ್ಯೆಯರೂ ಹಾಕುತ್ತಾರೆ.

ಮೈಕಿನ ವಿಷಯದಲ್ಲಿ ನನ್ನ ಬೇಡಿಕೆ ಒಂದೇ. ನನ್ನ ಮುಂದಿನ ಮಾನಿಟರ್‌ನಲ್ಲಿ ತಂಬೂರಿ ಮತ್ತು ನನ್ನ ಧ್ವನಿ ಕೇಳಬೇಕು. ಕೇಳದಿದ್ದರೆ ಯಾರಾದರೂ ಗೊತ್ತಿಲ್ಲದೇ ಕೂಗಲು ಶುರು ಮಾಡುತ್ತಾರೆ. ರಾಮನವಮಿ ಪೆಂಡಾಲಿನಲ್ಲಂತೂ ಒಂದು ಕಡೆ ಬಸ್ಸಿನ ಹಾರ್ನು, ಇನ್ನೊಂದು ಕಡೆ ಪಾನಕ ಹಂಚುವ ಗದ್ದಲ. ಅಲ್ಲಿ ಹತ್ತು ನಿಮಿಷ ಮೊದಲೇ ಕೂತು ಸೌಂಡಿನವರ ಜೊತೆ ಸಮಾಧಾನವಾಗಿ ಮಾತಾಡಿಕೊಂಡರೆ ಅರ್ಧ ಕಛೇರಿ ಗೆದ್ದ ಹಾಗೆ.

ಇನ್ನು ಪಾಠ. ನಮ್ಮಲ್ಲಿ ಹೆಚ್ಚಿನ ಗಾಯಕರ ಮನೆ ನಡೆಯುವುದು ಪಾಠದಿಂದ, ಕಛೇರಿಯ ಸಂಭಾವನೆಯಿಂದ ಅಲ್ಲ. ಆಕಾಶವಾಣಿ ಕಲಾವಿದರಿಗೆ ಕೊಡುವ ಬಿ ಹೈ, ಎ ಗ್ರೇಡ್‌ಗಳಿಗೆ ಬೆಲೆ ಇದೆ, ಸಭೆಯವರು ಅದನ್ನು ನೋಡಿ ಕರೆಯುತ್ತಾರೆ. ಆದರೂ ತಿಂಗಳ ಖರ್ಚಿಗೆ ಪಾಠವೇ ಆಧಾರ. ಗಂಟಲಿಗೆ ಅತಿ ಹೆಚ್ಚು ಪೆಟ್ಟು ಬೀಳುವುದೂ ಅಲ್ಲೇ. ಮಕ್ಕಳ ಶ್ರುತಿಯಲ್ಲಿ, ಅವರ ಜೊತೆ ಜೊತೆಗೇ ಗಂಟೆಗಟ್ಟಲೆ ಹಾಡುವುದು ಕಛೇರಿಗಿಂತ ದೊಡ್ಡ ದುಡಿಮೆ. ಈಗ ಒಂದು ಸಂಗತಿ, ಅಂದರೆ ಒಂದು ಸಾಲನ್ನು ಹಾಡುವ ಒಂದು ಬಗೆ, ಒಂದೇ ಸಲ ಪೂರ್ತಿ ಹಾಡಿ ತೋರಿಸುತ್ತೇನೆ. ಆಮೇಲೆ ಅವರು ಹಾಡಬೇಕು, ನಾನು ತಾಳ ಹಾಕುತ್ತೇನೆ. ತಪ್ಪಿದ ಜಾಗ ಮಾತ್ರ ತಿದ್ದುತ್ತೇನೆ. ಕಛೇರಿಯ ಹಿಂದಿನ ದಿನ ಪಾಠ ಇಲ್ಲ. ಇದರಿಂದ ಮಕ್ಕಳಿಗೂ ಒಳ್ಳೆಯದಾಗಿದೆ. ನನ್ನ ದನಿಯ ಆಸರೆ ಇಲ್ಲದೇ ಹಾಡುವುದು ಬೇಗ ಬರುತ್ತಿದೆ.

ಹಿರಿಯ ಗಾಯಕ ಆರ್. ಕೆ. ಶ್ರೀಕಂಠನ್ ಅವರು ಆಕಾಶವಾಣಿಯಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿಕೊಂಡು, ಶಿಷ್ಯರನ್ನು ತಯಾರು ಮಾಡಿಕೊಂಡು, ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದವರು. 2014ರಲ್ಲಿ ತೀರಿಕೊಂಡರು. ಆ ವಯಸ್ಸಿನಲ್ಲಿ ಅವರ ಶ್ರುತಿಶುದ್ಧತೆ ಕೇಳಿ ನಾನು ಬೆರಗಾಗಿದ್ದೇನೆ. ವೃತ್ತಿ ಅಂದಾಗ ನನ್ನ ಕಣ್ಣ ಮುಂದೆ ಬರುವುದು ಅವರೇ.

ನನ್ನ ಹತ್ತಿರ ಪಾಠಕ್ಕೆ ಬರುವ ಹುಡುಗನೊಬ್ಬನ ಗಂಟಲು ಈಗ ಒಡೆಯುತ್ತಿದೆ. ಅವನಿಗೆ ಆರೇಳು ಸ್ವರದ ವ್ಯಾಪ್ತಿಯಲ್ಲಷ್ಟೇ ಮೆಲ್ಲಗೆ ಹಾಡಿಸುತ್ತಿದ್ದೇನೆ. ಉಳಿದ ಹೊತ್ತೆಲ್ಲಾ ತಾಳ, ಲೆಕ್ಕಾಚಾರ, ಸ್ವರ ಬರೆಯುವುದು, ಕೇಳುವುದು. ತಂದೆತಾಯಿಗೆ ಈ ವರ್ಷವೂ ಸ್ಪರ್ಧೆಗೆ ಕಳಿಸುವ ಆಸೆ, ಹಳೇ ಶ್ರುತಿಯಲ್ಲೇ. ಆಗುವುದಿಲ್ಲ ಅಂದಿದ್ದೇನೆ. ಅವನ ಶ್ರುತಿ ಎಲ್ಲಿ ನಿಲ್ಲುತ್ತದೆ ಅಂತ ತಿಂಗಳಿಗೊಮ್ಮೆ ತಂಬೂರಿ ಹಾಕಿ ಇಬ್ಬರೂ ಕೂತು ನೋಡುತ್ತೇವೆ. ಸದ್ಯಕ್ಕೆ ಎರಡೂವರೆ ಮನೆಗೆ ಬಂದಿದ್ದಾನೆ.