ಇಂಗ್ಲಿಷ್ ಪಾಠ ಓದಿದರೂ ತಲೆಗೆ ಹತ್ತುತ್ತಿಲ್ಲವೇ? ಎಲ್ಲಿ ಸಿಕ್ಕಿಕೊಂಡಿದೆ ನೋಡಿ
ಪಕ್ಕದ ಮನೆಯ ಹುಡುಗಿ ಒಂಬತ್ತನೇ ಕ್ಲಾಸು. ಇಂಗ್ಲಿಷ್ ಪಾಠವನ್ನು ಗಡಗಡ ಓದುತ್ತಾಳೆ. ಮೊನ್ನೆ ‘ದ ಬಾಯ್ ಹೂ ಬ್ರೋಕ್ ದ ಪಾಟ್ ರ‍್ಯಾನ್ ಅವೇ’ ಅಂತ ಓದಿ, “ಆಂಟಿ, ಮಡಕೆ ಓಡಿಹೋಯ್ತಾ?” ಅಂದಳು. ನಗು ಬಂತು. ಆದರೆ ಆ ಸಾಲಿನಲ್ಲಿ ಅವಳಿಗೆ ಗೊತ್ತಿಲ್ಲದ ಪದ ಒಂದೂ ಇರಲಿಲ್ಲ.

ಮಕ್ಕಳಿಗೆ ಅರ್ಥವಾಗದಿದ್ದರೆ ನಾವು ಕೈಗೆ ಕೊಡುವುದು ಡಿಕ್ಷನರಿ. ಸ್ವಲ್ಪ ತಡೆಯಿರಿ.

ಮೊದಲು ಪುಸ್ತಕ ಮುಚ್ಚಿಸಿ, ನೀವೇ ಓದಿ ಹೇಳಿ. ಕೇಳಿದಾಗ ಅರ್ಥವಾಗಿ, ಓದುವಾಗ ಆಗದಿದ್ದರೆ ತೊಡಕು ಸ್ಪೆಲ್ಲಿಂಗಿನಲ್ಲಿದೆ. ಕನ್ನಡದಲ್ಲಿ ಬರೆದಂತೆ ಓದಿದರಾಯಿತು. ಇಂಗ್ಲಿಷಿನಲ್ಲಿ ‘ದೋ’, ‘ಥ್ರೂ’, ‘ಟಫ್’, ‘ಕಾಫ್’ ನಾಲ್ಕರ ಕೊನೆಗೂ ಅದೇ ಓ-ಯು-ಜಿ-ಎಚ್! ಇದರಲ್ಲೇ ಸುಸ್ತಾದ ಮಗುವಿಗೆ ಅದೇ ಪುಟವನ್ನು ಮೂರ್ನಾಲ್ಕು ಸಲ ಜೋರಾಗಿ ಓದಿಸಿ.

ಆಮೇಲೆ 100 ಪದಗಳಷ್ಟು ಭಾಗ ಆರಿಸಿ, ಗೊತ್ತಿಲ್ಲದ ಪದಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಸಿ. ಯಾರ ನೆರವೂ ಇಲ್ಲದೆ ಓದಲು 100ಕ್ಕೆ 98 ಪದ ಗೊತ್ತಿರಬೇಕು ಅನ್ನುವುದು ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಷನ್ ಅವರ ಲೆಕ್ಕ. ಗೆರೆ ಹತ್ತು ದಾಟಿದರೆ ಮಗುವನ್ನು ಬೈಯಬೇಡಿ, ಸುಲಭದ ಪುಸ್ತಕ ಕೊಡಿ.

ಈಗ ಮಡಕೆ ವಿಷಯ. ನಾವು ‘ಮಡಕೆ ಒಡೆದ ಹುಡುಗ ಓಡಿಹೋದ’ ಅನ್ನುತ್ತೇವೆ. ಎಂಥ ಹುಡುಗ ಅನ್ನುವುದು ಮೊದಲು, ಹುಡುಗ ಆಮೇಲೆ. ಇಂಗ್ಲಿಷಿನಲ್ಲಿ ಇದು ಉಲ್ಟಾ. ಹಾಗಾಗಿ ‘ರ‍್ಯಾನ್’ ಪಕ್ಕದಲ್ಲಿ ಸಿಕ್ಕ ಮಡಕೆಯನ್ನೇ ಅವಳು ಓಡಿಸಿಬಿಟ್ಟಳು. ‘ಹೂ ಬ್ರೋಕ್ ದ ಪಾಟ್’ ಮೇಲೆ ಬೆರಳಿಡಲು ಹೇಳಿದೆ. ಉಳಿದದ್ದು ‘ದ ಬಾಯ್ ರ‍್ಯಾನ್ ಅವೇ’. “ಓ, ಹುಡುಗ!” ಬೆರಳು ತೆಗೆದು, ಎಂಥ ಹುಡುಗ ಅಂತ ಕೇಳಿದರೆ ಉತ್ತರ ತಾನೇ ಬಂತು. ಉದ್ದ ವಾಕ್ಯ ಸಿಕ್ಕಾಗಲೆಲ್ಲ ಹೀಗೇ ಮಾಡಿಸಿ.

ಇಷ್ಟಾದರೂ ಅರ್ಥವಾಗದಿದ್ದರೆ, ಮಗುವಿಗೆ ಆ ವಿಷಯವೇ ಗೊತ್ತಿರಲಿಕ್ಕಿಲ್ಲ. 1979ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭಾರತೀಯರಿಗೂ ಅಮೆರಿಕನ್ನರಿಗೂ ಎರಡು ಇಂಗ್ಲಿಷ್ ಪತ್ರ ಓದಿಸಿದ್ದರು. ಒಂದರಲ್ಲಿ ನಮ್ಮ ಕಡೆಯ ಮದುವೆ, ಇನ್ನೊಂದರಲ್ಲಿ ಅಮೆರಿಕದ್ದು. ಅವರವರ ಮದುವೆಯನ್ನು ಅವರವರು ಬೇಗ ಓದಿದರು, ಜಾಸ್ತಿ ನೆನಪಿಟ್ಟುಕೊಂಡರು. ಅಮೆರಿಕದ ವಧು ಅಜ್ಜಿಯ ಮದುವೆ ಉಡುಪನ್ನು ಪ್ರೀತಿಯಿಂದ ತೊಟ್ಟಿದ್ದರೆ, ನಮ್ಮವರೊಬ್ಬರಿಗೆ ಅದು ಹಳೇ ಫ್ಯಾಷನ್ನಿನ ಬಟ್ಟೆಯಾಗಿ ಕಂಡಿತ್ತು! ಅದಕ್ಕೇ ಪಾಠ ಶುರುಮಾಡುವ ಮೊದಲು ಐದು ನಿಮಿಷ ಆ ವಿಷಯವನ್ನು ಕನ್ನಡದಲ್ಲಿ ಮಾತಾಡಿ. ಹಿಮದ ಪಾಠವಾದರೆ ಮೊಬೈಲಿನಲ್ಲಿ ಹಿಮ ತೋರಿಸಿ. ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡವೇ ಬೇಡ ಅನ್ನುವವರ ಜೊತೆ ನನ್ನ ತಕರಾರು ಇದೇ.

ಕೊನೆಗೆ, ಅರ್ಥವಾಯಿತೇ ಅಂತ ನೋಡಲು ಪ್ರಶ್ನೋತ್ತರ ಬೇಡ. ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕಿ ಆ ಸಾಲನ್ನೇ ಇಳಿಸಿದರೆ ಮಾರ್ಕ್ಸು ಬರುತ್ತದೆ ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತು. ಪುಸ್ತಕ ಮುಚ್ಚಿ, ಏನಾಯಿತು ಅಂತ ಕನ್ನಡದಲ್ಲಿ ಎರಡು ಮಾತು ಹೇಳಲಿ.

ಪಕ್ಕದ ಮನೆಯವಳು ಈಗ ಬೆರಳಿಟ್ಟುಕೊಂಡೇ ಓದುತ್ತಾಳೆ. “ಮೊದಲಿನಷ್ಟು ಫಾಸ್ಟ್ ಇಲ್ಲ ನೋಡಿ” ಅಂತ ಅವಳಮ್ಮನ ದೂರು.