ದಾಖಲಾದ ನಿಧಿಯ ರೋಮನ್ ಬೆಳ್ಳಿ ನಾಣ್ಯಗಳನ್ನು ಸಂಗ್ರಹಿಸುವುದು ಹೇಗೆ?

ನಿಧಿಯೊಂದರಲ್ಲಿ ತೀರ ಈಚಿನ ನಾಣ್ಯ ಯಾವುದೆಂಬುದರಿಂದ ಅದನ್ನು ಹೂತ ಕಾಲವನ್ನು ಅಂದಾಜಿಸಬಹುದು. ಹೀಗಾಗಿ ಒಂದೇ ಮಡಕೆಯಿಂದ ಬಂದ ನಾಣ್ಯಗಳು ಒಂದರ ಸಂಗತಿಯನ್ನು ಇನ್ನೊಂದು ಹೇಳುತ್ತವೆ. ಆ ನಂಟು ತಿಳಿದಿರುವ ಸವೆದ ಡೆನಾರಿಯಸ್ (ರೋಮನ್ನರ ಬೆಳ್ಳಿ ನಾಣ್ಯ) ಒಂದು, ಮೂಲ ಗೊತ್ತಿಲ್ಲದ ಹೊಳೆಯುವ ನಾಣ್ಯಕ್ಕಿಂತ ಹೆಚ್ಚು ಬೆಲೆಬಾಳುತ್ತದೆ ಎಂದೇ ನಾನು ನಂಬಿದ್ದೇನೆ.

ಇಂಥ ಸಂಗ್ರಹಕ್ಕೆ ಇಂಗ್ಲೆಂಡಿನ ನಿಧಿಗಳು ಅನುಕೂಲ. ಅಲ್ಲಿ 1996ರ ಟ್ರೆಷರ್ ಆಕ್ಟ್ ಎಂಬ ನಿಧಿ ಕಾನೂನಿನ ಪ್ರಕಾರ, ಕನಿಷ್ಠ 300 ವರ್ಷ ಹಳೆಯದಾದ, ಶೇ. 10ರಷ್ಟಾದರೂ ಬೆಳ್ಳಿ ಅಥವಾ ಚಿನ್ನವಿರುವ ಎರಡು ನಾಣ್ಯಗಳು ಒಂದೇ ಕಡೆ ಸಿಕ್ಕರೂ ನಿಧಿಯೆನಿಸಬಹುದು. ಸಿಕ್ಕವರು 14 ದಿನಗಳೊಳಗೆ ಕಾರೊನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಯಾವ ವಸ್ತುಸಂಗ್ರಹಾಲಯವೂ ಕೊಳ್ಳಬಯಸದ ನಾಣ್ಯಗಳು ಸಂಬಂಧಪಟ್ಟವರಿಗೆ ಮರಳುತ್ತವೆ, ಆಮೇಲೆ ಕಾನೂನುಬದ್ಧವಾಗಿ ಮಾರಾಟಕ್ಕೆ ಬರುತ್ತವೆ. ನೀವು ಹುಡುಕಬೇಕಾದದ್ದು ಇಂಥವನ್ನೇ.

ಆದ್ದರಿಂದ ಬೆಲೆ ಕೇಳುವ ಮುನ್ನ ದಾಖಲೆ ಕೇಳಿರಿ. ನಿಧಿ ಸಿಕ್ಕ ಊರು, ವರ್ಷ, ಸರ್ಕಾರಿ ನಿಧಿ ಸಂಖ್ಯೆ, ಈ ನಾಣ್ಯ ಆ ನಿಧಿಯದೇ ಎಂಬುದಕ್ಕೆ ಆಧಾರ ಇವಿಷ್ಟನ್ನೂ ಮಾರುವವರು ಬರವಣಿಗೆಯಲ್ಲಿ ಕೊಡಬೇಕು. ಬರೀ ಬಾಯಿಮಾತಿಗೆ ಮರುಳಾಗಬೇಡಿ. 1992ರಲ್ಲಿ ಸಫೋಕ್‌ನ ಹಾಕ್ಸ್‌ನ್ ಊರಿನಲ್ಲಿ ಸಿಕ್ಕ, ಸುಮಾರು 15,000 ನಾಣ್ಯಗಳ ಹೆಸರಾಂತ ನಿಧಿ ಬ್ರಿಟಿಷ್ ಮ್ಯೂಸಿಯಂ ಸೇರಿದೆ. ಅಲ್ಲಿಯದೆಂದು ಯಾರಾದರೂ ನಾಣ್ಯ ತೋರಿಸಿದರೆ ಕೊಳ್ಳದಿರುವುದೇ ಲೇಸು. ನಾಣ್ಯವನ್ನು ಬ್ರಿಟನ್ನಿನಿಂದ ಹೊರಗೆ ತರಿಸುವುದಾದರೆ ರಫ್ತು ಪರವಾನಗಿ ಬೇಕೇ ಎಂಬುದನ್ನು ಹಣ ಕಟ್ಟುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಇನ್ನು ನಾಣ್ಯವನ್ನೇ ನೋಡುವುದು. ನೀರೋ ಚಕ್ರವರ್ತಿ ಕ್ರಿ.ಶ. 64ರ ಹೊತ್ತಿಗೆ ಡೆನಾರಿಯಸ್‌ನ ತೂಕವನ್ನು ಇಳಿಸಿದ ಮೇಲೆ ಅದು ಸುಮಾರು 3.4 ಗ್ರಾಂ ತೂಗುತ್ತಿತ್ತು. ತೂಕ ತೀರ ಕಡಿಮೆಯಿದ್ದರೆ, ಅಂಚಿನಲ್ಲಿ ಬೆಳ್ಳಿಯ ಪದರ ಸೀಳಿ ಒಳಗಿನ ತಾಮ್ರ ಕೆಂಪಗೆ ಇಣುಕುತ್ತಿದೆಯೇ ಎಂದು ಮಸೂರ ಹಿಡಿದು ನೋಡಿ. ಬೆಳ್ಳಿ ಹೊದಿಸಿದ ಅಂಥ ಖೋಟಾ ನಾಣ್ಯಗಳು ರೋಮನ್ನರ ಕಾಲದಲ್ಲೇ ಚಲಾವಣೆಯಲ್ಲಿದ್ದವು. ಬ್ರಿಟನ್ನಿನಲ್ಲಿ ಸಿಗುವ ನಾಲ್ಕನೆಯ ಶತಮಾನದ ಸಿಲಿಕ್ವಾ ಎಂಬ ರೋಮನ್ ಬೆಳ್ಳಿ ನಾಣ್ಯಗಳ ಮಾತು ಬೇರೆ. ಅವುಗಳಲ್ಲಿ ಅನೇಕ ನಾಣ್ಯಗಳ ಅಂಚನ್ನು ಸುತ್ತಲೂ ಕತ್ತರಿಸಿರುತ್ತಾರೆ, ಎಷ್ಟೋ ವೇಳೆ ಅಕ್ಷರಗಳ ತಲೆಯೇ ಹಾರಿಹೋಗಿರುತ್ತದೆ, ಆದರೆ ಕತ್ತರಿ ಹಿಡಿದವನು ಚಕ್ರವರ್ತಿಯ ಮುಖವನ್ನು ಮಾತ್ರ ಜೋಪಾನವಾಗಿ ಉಳಿಸಿರುತ್ತಾನೆ. ಇದನ್ನು ಕೊರತೆಯೆಂದು ತಳ್ಳಿಹಾಕಬೇಡಿ. ಹೊಸ ಬೆಳ್ಳಿ ಬರುವುದು ನಿಂತುಹೋದ ನಾಡಿನ ಪಾಡನ್ನು ಇಷ್ಟು ಸ್ಪಷ್ಟವಾಗಿ ತೋರುವ ಗುರುತು ಬೇರೆ ಸಿಗುವುದು ಕಷ್ಟ.

ಮನೆಗೆ ಬಂದ ನಾಣ್ಯವನ್ನು ಉಜ್ಜಿ ಹೊಳಪಿಸಬಾರದು. ಪಿವಿಸಿ ಪ್ಲಾಸ್ಟಿಕ್ಕಿನ ಚೀಲದಲ್ಲಿಯೂ ಇಡಬಾರದು, ಏಕೆಂದರೆ ಕಾಲಕ್ರಮೇಣ ಅದು ಲೋಹವನ್ನು ಕೆಡಿಸುತ್ತದೆ. ಹಳೆಯ ಚೀಟಿ ಎಷ್ಟೇ ಮಾಸಿದ್ದರೂ ಎಸೆಯದೆ ನಾಣ್ಯದ ಜೊತೆಯಲ್ಲೇ ಇಡಿ. ತೂಕ, ವ್ಯಾಸ, ಎರಡೂ ಬದಿಯ ಚಿತ್ರ ಮತ್ತು ನಿಧಿ ಸಂಖ್ಯೆಯನ್ನು ನಿಮ್ಮ ಪುಸ್ತಕದಲ್ಲಿಯೂ ಬರೆದುಕೊಳ್ಳಿ. ಮುಂದೆ ಅದನ್ನು ಇನ್ನೊಬ್ಬರಿಗೆ ಕೊಡುವಾಗ ಚೀಟಿಯನ್ನೂ ಈ ವಿವರದ ಪ್ರತಿಯನ್ನೂ ಸೇರಿಸಿಯೇ ಕೊಡಿ.